ಲೂರ್ದಮ್ಮ ಒರೆಸದೆ ಬಿಟ್ಟ ಪಾದ

ಶುಭ ಶುಕ್ರವಾರದಂದು ನಮ್ಮ ಚರ್ಚಿನಲ್ಲಿ ಎಲ್ಲರೂ ಸಾಲಾಗಿ ಬಂದು, ಶಿಲುಬೆಯ ಮೇಲಿನ ಯೇಸುವಿನ ಪಾದಕ್ಕೆ ಮುತ್ತಿಡುತ್ತೇವೆ...

ಪ್ರತಿಯೊಬ್ಬರ ನಂತರವೂ ಬಿಳಿ ಬಟ್ಟೆಯಿಂದ ಆ ಪಾದ ಒರೆಸುವ ಕೆಲಸ ಲೂರ್ದಮ್ಮನದು.

"ಇವತ್ತಾದ್ರೂ ಲಿಪ್‌ಸ್ಟಿಕ್ ಬಿಟ್ಟು ಬರಬಾರದಾ ಕೂಸೇ? ಒರೆಸೀ ಒರೆಸೀ ಸ್ವಾಮಿ ಪಾದಾನೇ ಸವೀತದೆ!" ಎಂದು ಹುಡುಗಿಯರನ್ನು ಮೆಲ್ಲಗೆ ಗದರುತ್ತಾಳೆ. ನನ್ನಂಥ ಮಂಡಿನೋವಿನವರು ಬಂದರೆ ಶಿಲುಬೆಯನ್ನೇ ತುಸು ಎತ್ತಿ ಹಿಡಿಯುತ್ತಾಳೆ.

ಈ ವರ್ಷ ಅವಳು ಬರಲಾರಳು ಎಂದುಕೊಂಡಿದ್ದೆವು.

ಕ್ರಿಸ್‌ಮಸ್‌ಗೆ ಮುಂಚೆ ಅವಳ ಒಬ್ಬನೇ ಮಗ ಟೆಂಪೊ ಕೆಳಗೆ ಸಿಕ್ಕಿ ತೀರಿಹೋದ. ಓಡಿಸುತ್ತಿದ್ದವನು ನಮ್ಮದೇ ಚರ್ಚಿನ ಚೌರಪ್ಪ. ಕುಡಿದಿದ್ದ...

ಆದರೂ ಬಂದಳು. ಬಟ್ಟೆ ಹಿಡಿದು ನಿಂತಳು.

ಸಾಲು ಕರಗುತ್ತಾ ಬಂತು. ನನ್ನ ಮುಂದಿದ್ದವನು ತಲೆಯ ಮೇಲಿನ ಟವೆಲ್ ತೆಗೆದಾಗಲೇ ಗೊತ್ತಾಗಿದ್ದು... ಜಾಮೀನಿನ ಮೇಲೆ ಹೊರಬಂದಿದ್ದ ಚೌರಪ್ಪ!

"ಇವನಿಗ್ಯಾವ ಬಾಯಪ್ಪಾ ಮುತ್ತಿಡೋಕೆ? ಮೊದ್ಲು ವಾಸನೆ ನೋಡ್ರೋ," ಎಂದರು ಹಿಂದಿನಿಂದ ಯಾರೋ.

ಅವನು ಬಗ್ಗಿದ.

ಲೂರ್ದಮ್ಮನ ಕೈ, ಬಟ್ಟೆಯ ಸಮೇತ, ಮೊಳೆ ಹೊಡೆದ ಆ ಪಾದಗಳ ಮೇಲೆ ಕೂತುಬಿಟ್ಟಿತು. ಮೇಲೇಳಲಿಲ್ಲ...

ಹಾಡುತ್ತಿದ್ದವರೂ ನಿಲ್ಲಿಸಿದರು.

"ಹೋಗ್ತೀನಿ ಅಕ್ಕಾ... ನಾನು ಬರಬಾರದಿತ್ತು," ಎಂದು ಅವನು ತಿರುಗಿದ.

ಅವಳು ಶಿಲುಬೆಯ ಮೇಲಿದ್ದ ಆ ಮುಖವನ್ನು ನೋಡಿದಳು.

"ನಿಲ್ಲು ಚೌರಪ್ಪ. ಇದೇನು ನನ್ನ ಮನೆ ಬಾಗಿಲಾ, ಮುಚ್ಕೊಳ್ಳೋಕೆ?"

ಕೈ ತೆಗೆದಳು.

ಅವನು ಮುತ್ತಿಟ್ಟು ಎದ್ದಾಗ ಆ ಪಾದ ಕಣ್ಣೀರಿನಿಂದ ಒದ್ದೆಯಾಗಿತ್ತು. ಲೂರ್ದಮ್ಮ ಅದನ್ನು ಒರೆಸಲಿಲ್ಲ.

"ಬನ್ನಿ ಟೀಚರಮ್ಮ," ಎಂದು ನನ್ನನ್ನು ಕರೆದಳು.

ಬಗ್ಗಿದೆ... ನನ್ನ ತುಟಿಗೆ ಉಪ್ಪು ತಾಗಿತು.

ಎಲ್ಲ ಮುಗಿದ ಮೇಲೆ ಹೊರಗೆ ಸಿಕ್ಕಿದಳು. "ಕ್ಷಮಿಸಿಬಿಟ್ಟೆಯಾ ಲೂರ್ದು?" ಎಂದೆ.

"ಎಲ್ಲಿ ಟೀಚರಮ್ಮ! ಅವನ ಮುಖ ಕಂಡ್ರೆ ಈಗ್ಲೂ ಹೊಟ್ಟೆ ಉರೀತದೆ. ಆದ್ರೆ ಯೇಸುಸ್ವಾಮಿ ಅಷ್ಟು ನೋವು ತಿಂದು ಪ್ರಾಣ ಬಿಟ್ಟಿದ್ದು ಪಾಪ ಮಾಡಿದೋರಿಗೋಸ್ಕರ ತಾನೇ? ಅವನನ್ನ ಬೇಡ ಅಂದ್ರೆ... ನಾನ್ಯಾವ ಮುಖ ಇಟ್ಕೊಂಡು ಅಲ್ಲಿ ನಿಲ್ಲಲಿ?"

ಬಟ್ಟೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮಗನ ಸಮಾಧಿಯ ಕಡೆಗೆ ಒಬ್ಬಳೇ ನಡೆದುಹೋದಳು...

ಶಿಲುಬೆಯ ಮೇಲೆ ಚಾಚಿದ ಆ ಕೈಗಳು, ನಮಗೆ ಬೇಡವಾದವರಿಗಾಗಿಯೂ ಚಾಚಿವೆ.

ನಮ್ಮ ಕೈ ಇವತ್ತು ಯಾರಿಗೆ ಅಡ್ಡವಾಗಿದೆ?