ಮಾಳಿಗೆ ಏರಿದ ತಕ್ಕಡಿ

ಹತ್ತಿಕಾಳಿನ ವಾಸನೆ ಬಂದರೆ ಸಾಕು, ಈಗಲೂ ನಾನು ಅಜ್ಜನ ತಕ್ಕಡಿ ಹೊತ್ತು ನಮ್ಮ ಹುಬ್ಬಳ್ಳಿ ಮನೆಯ ಮಾಳಿಗೆ ಹತ್ತುತ್ತಿರುತ್ತೇನೆ.

ನಾನಿನ್ನೂ ಚಿಕ್ಕವಳು. ಕಾಲೇಜಿನ ಕೊನೆಯ ವರ್ಷದಲ್ಲಿದ್ದ ಅತ್ತೆ, ಅಪ್ಪನ ತಂಗಿ, ಒಂದು ಮಧ್ಯಾಹ್ನ ಹೇಳಿದ್ದಳು: "ಮ್ಯಾಲ ಹೋದಂಗ ಭೂಮಿ ಸೆಳೆಯೋದು ಕಡಿಮಿ ಆಗತೈತಿ. ತೂಕಾನೂ ಇಳೀತೈತಿ."

ನನಗೆ ತಡೆಯಲಾಗಲಿಲ್ಲ. ಕೆಳಗೆ ಸರಿಯಾಗಿ ಒಂದು ಕಿಲೋ ತೂಗಿದ ಬೆಲ್ಲವನ್ನು, ತೂಕದ ಕಲ್ಲು, ತಕ್ಕಡಿ ಸಮೇತ ಮೇಲಕ್ಕೆ ಒಯ್ದು ಮತ್ತೆ ತೂಗಿದೆ. ಮುಳ್ಳು ಕದಲಲೇ ಇಲ್ಲ!

"ಅತ್ತಿ ಸುಳ್ಳು ಹೇಳ್ಯಾಳ!" ಎಂದು ಕೂಗಿಬಿಟ್ಟೆ.

ಕೂಗಿಗೆ ಅತ್ತೆಯೂ ಅಜ್ಜನೂ ಓಡಿ ಬಂದರು. ಹತ್ತಿ ತೂಗುತ್ತಲೇ ಮುದುಕರಾದ ಅಜ್ಜ, "ಹೆಣ್ಮಕ್ಕಳಿಗೆ ಇಷ್ಟು ಓದು ಸಾಕು" ಎನ್ನುತ್ತಿದ್ದವರು, ತಕ್ಕಡಿಯನ್ನೇ ದಿಟ್ಟಿಸಿ ನಕ್ಕರು.

"ಹುಚ್ಚಿ, ಬೆಲ್ಲ ಹಗುರಾದ್ರ ಕಲ್ಲೂ ಹಗುರಾಗೂದಿಲ್ಲೇನು? ಅದೂ ಮ್ಯಾಲ ಬಂದೈತಲ್ಲ!"

ಅತ್ತೆ ಚಪ್ಪಾಳೆ ತಟ್ಟಿದಳು. "ಖರೇರಿ ಅಪ್ಪಾ! ಇದು ಸ್ಪ್ರಿಂಗ್ ಕಾಟಾಕ್ಕಷ್ಟ ಗೊತ್ತಾಗೂದು. ಅದಕ್ಕೂ ಮಾಳಿಗಿ ಸಾಲೂದಿಲ್ರಿ. ಭೂಮಿ ನಡುವಿಂದ ನಾವು ಎಷ್ಟು ದೂರ ಅದೀವೋ, ನಡುವಿಂದ ಅದರ ಎರಡರಷ್ಟು ದೂರ ಹೋದ್ರ ಈ ಬೆಲ್ಲ ನಾಕರಾಗ ಒಂದು ಪಾಲು, ಪಾವ್ ಕಿಲೋ ತೋರಸ್ತೈತಿ!"

"ಪಾವ್ ಕಿಲೋ!" ಅಜ್ಜನ ಕಣ್ಣು ನನ್ನ ಕಣ್ಣಿನಷ್ಟೇ ಅಗಲವಾದವು. ಬೆಲ್ಲ ಮುರಿದು ನನಗೊಂದು ಚೂರು, ಅತ್ತೆಗೊಂದು ಚೂರು ಕೊಟ್ಟು, ಮೆಲ್ಲಗೆ ಅತ್ತೆಯನ್ನು ಕೇಳಿದರು:

"ಇದರ ಮುಂದಿಂದು ಎಲ್ಲಿ ಕಲಿಸ್ತಾರವ್ವಾ?"