ಅಷ್ಟೂರಿನಿಂದ ಮರಳುವಾಗ

ಅರ್ಧ ಕುಸಿದ ಗುಮ್ಮಟದ ಮುಂದೆ ಟಾಂಗಾ ನಿಲ್ಲಿಸಿ ಚಾಂದ ಪಾಶಾ ಚಾವಟಿ ಎತ್ತಿ ತೋರಿಸಿದ. "ಇವನೇ ನೋಡ್ರಿ ಬಾಯಿ, ಜಾಲಿಮ್ ಬಾದಶಾ. ಜೀವಂತ ಮನಷ್ಯಾರ್ನ ಹುಲಿ ಬಾಯಾಗ ಹಾಕಸ್ತಿದ್ದನಂತ. ಸತ್ತ ಮ್ಯಾಲೂ ಅಲ್ಲಾ ಬಿಡಲಿಲ್ಲ. ಗೋರಿ ಮ್ಯಾಲೇ ಸಿಡ್ಲು ಕೆಡವಿದ."

ಭಾತಂಬ್ರಾದಿಂದ ತೊಗರಿ ತಂದಿದ್ದ ಹಾವಗೆಪ್ಪನಿಗೆ ಅಂದು ಕಾಳಿನ ಪೇಟೆ ಗಂಜ ಬಂದ್ ಎಂಬುದು ಬೀದರಿಗೆ ಬಂದ ಮೇಲೇ ಗೊತ್ತಾಗಿತ್ತು. ಯಾರೋ ಹಿರಿಯ ವ್ಯಾಪಾರಿ ತೀರಿಕೊಂಡಿದ್ದರು. ಜೊತೆಗೆ ಬಂದಿದ್ದ ಹೆಂಡತಿ ವಿಮಲಾಬಾಯಿ, "ಹ್ಯಾಂಗೂ ಇವತ್ತಿನ ದಿನ ಖಾಲಿ ಅದ, ಊರಾದ್ರೂ ನೋಡೋಣ್ರಿ" ಎಂದಿದ್ದಳು. ಕೋಟೆ, ಕಂದಕ, ಕೈದಿಗಳನ್ನು ಕೂಡಿಹಾಕುತ್ತಿದ್ದರೆಂದು ಚಾಂದ ಪಾಶಾ ತೋರಿಸಿದ ಕತ್ತಲೆ ಕೋಣೆ, ಎಲ್ಲ ಮುಗಿಸಿ ಈಗ ಅಷ್ಟೂರಿನ ಬಾದಶಾಗಳ ಗೋರಿಗಳು.

ವಿಮಲಾಬಾಯಿ ಬಿರುಕುಬಿಟ್ಟ ಗೋಡೆಯನ್ನೇ ನೋಡುತ್ತ ನಿಂತಳು. "ನಿಜಾಮನ ರಜಾಕಾರರು ನಮ್ಮಣ್ಣಗ ಹೊಲದಾಗೇ ಗುಂಡು ಹಾಕಿದ್ರು. ಅವರ ಮ್ಯಾಲ ಯಾವ ಸಿಡ್ಲೂ ಬೀಳಲಿಲ್ಲ ನೋಡು."

ಚಾಂದ ಪಾಶಾ ಕುದುರೆಯ ಕುತ್ತಿಗೆ ಸವರಿದ. "ಬಿತ್ತರಿ ಬಾಯಿ. ದಿಲ್ಲಿ ಮಿಲ್ಟ್ರಿ ಬಂದಾಗ ಬಂದೂಕು ಹಿಡದವ್ರು ಓಡಿಹೋದ್ರು. ಮನ್ಯಾಗ ಉಳದವರ ಮ್ಯಾಲ ಬಿತ್ತು. ನಮ್ಮ ಅಬ್ಬಾ ಹೋದ, ಇಬ್ರು ತಮ್ಮಂದಿರು ಹೋದ್ರು. ಅಬ್ಬಾ ಕುದುರಿಗಿ ಲಾಳ ಹೊಡಿಯಾವ. ಬಂದೂಕು ಮುಟ್ಟಿದವನಲ್ಲ."

"ಯಾವ ಊರು ನಿಂದು?" ಹಾವಗೆಪ್ಪ ಕೇಳಿದ.

ಚಾಂದ ಪಾಶಾ ಔರಾದ ಕಡೆಯ ಒಂದು ಹಳ್ಳಿಯ ಹೆಸರು ಹೇಳಿದ. ರುಮಾಲು ಸುತ್ತಿಕೊಳ್ಳುತ್ತಿದ್ದ ಹಾವಗೆಪ್ಪನ ಕೈ ಅಲ್ಲೇ ನಿಂತಿತು.

ಆ ಹೆಸರು ವಿಮಲಾಬಾಯಿಗೂ ಗೊತ್ತಿತ್ತು. ಮಿಲಿಟರಿ ಬಂದ ವಾರದಲ್ಲಿ ಭಾತಂಬ್ರಾದ ಗಂಡಸರು ಕೊಡಲಿ ಹಿಡಿದು ಹೋಗಿದ್ದರು. ತಿರುಗಿ ಬಂದ ಗಂಡ ಬಾವಿಯ ಕಟ್ಟೆಯಲ್ಲಿ ಕೊಡಗಟ್ಟಲೆ ನೀರು ಸುರಿದುಕೊಂಡು, "ನಿಮ್ಮಣ್ಣಗ ಇವತ್ತು ಸಮಾಧಾನ ಆತು" ಅಂದಿದ್ದ. ಎಲ್ಲಿಗೆ ಹೋಗಿದ್ರಿ ಎಂದಾಗ ಇದೇ ಊರಿನ ಹೆಸರು ಹೇಳಿದ್ದ. ಅಣ್ಣ ಸತ್ತ ಮೇಲೆ ಮೊದಲ ಸಲ ಆಕೆ ಅಂದು ಹೊಟ್ಟೆ ತುಂಬ ಉಂಡಿದ್ದಳು.

"ನಿಮ್ಮವ್ವ ಅದಾಳೇನಪಾ?" ಆಕೆ ಕೇಳಿದಳು.

"ಅದಾಳ್ರಿ, ಹಾಜಿರಾಬೀ ಅಂತ. ಎಲ್ಲಾ ಅಕಿ ಕಣ್ಣ ಮುಂದೇ ಆಗ್ಯಾದ. ಈಗ ಹೊರಗ ಬರಾಂಗಿಲ್ಲ, ಯಾರ ಕೂಡಾನೂ ಮಾತಾಡಾಂಗಿಲ್ಲ. ಹೋಗೋ ದಾರ್ಯಾಗೇ ನಮ್ಮ ಈಗಿನ ಮನಿ ಅದ. ನೀವು ಬಂದ್ರ ನಾಕು ಮಾತಾಡ್ತಾಳೇನೋ. ಚಾ ಕುಡದು ಹೋಗ್ರಿ ಸಾವ್ಕಾರ."

ಹಾವಗೆಪ್ಪ ಅವನ ಮುಖ ನೋಡಲಿಲ್ಲ. "ನೀವು ಮುಂದ ಹೋಗ್ರಿ. ನಾ ನಡಕೋತ ಬರ್ತೇನಿ."

"ಅಷ್ಟು ದೂರ ಯಾಕ ನಡೀತೀರಿ ಸಾವ್ಕಾರ?"

ವಿಮಲಾಬಾಯಿ ಗಂಡನನ್ನು ಕರೆಯಲಿಲ್ಲ. ಟಾಂಗಾದ ಹಿಂದಿನ ಸೀಟಿಗೆ ಹತ್ತಿ, ಗುಮ್ಮಟದ ಕಡೆ ಮುಖ ಮಾಡಿ ಕೂತಳು. ಕುದುರೆ ಹೆಜ್ಜೆ ಕಿತ್ತಿತು. ಕೆಂಪು ಧೂಳಿನಲ್ಲಿ ಗಂಡ ನಿಂತಲ್ಲೇ ನಿಂತಿದ್ದ. ನಡೆದುಕೊಂಡು ಬರುತ್ತೇನೆ ಅಂದವನು ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ.

ಚಾಂದ ಪಾಶಾ ಹಿಂತಿರುಗಿ ನೋಡಿದ. "ಸಾವ್ಕಾರ ಅಲ್ಲೇ ನಿಂತಾರಲ್ರಿ. ಟಾಂಗಾ ನಿಲ್ಲಸ್ಲೇನ್ರಿ ಬಾಯಿ?"

ವಿಮಲಾಬಾಯಿ ಸೆರಗನ್ನು ತಲೆಯ ಮೇಲೆಳೆದುಕೊಂಡಳು.

"ಬ್ಯಾಡಪಾ. ನಿಮ್ಮವ್ವನ ಹಂತೇಕ ನಡಿ."