ಜೋಡಿ ಕದದ ಬಾಗಿಲು

"ರಬ್ಬರಾ? ಬಾಗಿಲಿಗೆ ರಬ್ಬರ್ ಹಾಕ್ಲಿಕ್ಕೆ ಇದೆಂತ ಫ್ರಿಜ್ಜಾ?" ಎಂದು ಧರ್ಮಪಾಲ ದೊಡ್ಡದಾಗಿ ನಕ್ಕ. ದೇರಾ ಪೇಟೆಯ ಆ ಬಾಗಿಲಂಗಡಿಯಲ್ಲಿ ಅವನ ಜೊತೆ ನಕ್ಕವನು ಸೇಲ್ಸ್‌ಮನ್ ಒಬ್ಬನೇ. ನಗುವುದು ಅವನ ಕೆಲಸವಾಗಿತ್ತು. ಹೆಂಡತಿ ಲೋಲಾಕ್ಷಿ ತಾನು ಮೆಚ್ಚಿದ ಸಾದಾ ಅಲ್ಯೂಮಿನಿಯಂ ಬಾಗಿಲನ್ನು ಇನ್ನೊಮ್ಮೆ ಮುಚ್ಚಿ ನೋಡಿದಳು. ಸುತ್ತಲೂ ಕಪ್ಪು ರಬ್ಬರ್ ಒತ್ತಿ ಕೂತಿತು. ಒಂದು ಕಾಗದ ತೂರಿಸಲೂ ಸಂದಿ ಇರಲಿಲ್ಲ.

ಅಲ್ ಬರ್ಷಾದಲ್ಲಿ ಅವರಿದ್ದ ವಿಲ್ಲಾದ ಪೋರ್ಚಿನ ಬಾಗಿಲು ಬಿಸಿಲಿಗೆ ಸೊಟ್ಟಗಾಗಿ, ಗಾಳಿಯ ಜೊತೆ ಮರಳುಗಾಡಿನ ಹೊಯ್ಗೆಯೂ ಒಳಗೆ ಬರುತ್ತಿತ್ತು. ಮಗಳು ಅಶ್ಮಿತಾಳಿಗೆ ಉಬ್ಬಸ. ಧೂಳೆಬ್ಬಿಸುವ ಶಮಾಲ್ ಗಾಳಿ ಎದ್ದಾಗಲೆಲ್ಲ ಲೋಲಾಕ್ಷಿ ಒದ್ದೆ ಟವೆಲ್ ಸುರುಟಿ ಬಾಗಿಲ ಬುಡಕ್ಕೆ ತುರುಕುತ್ತಿದ್ದಳು. ಹೊಸ ಬಾಗಿಲಿನ ಮಾತು ಎತ್ತಿದವಳೂ ಅವಳೇ. ಆದರೆ ಆ ಮಾತು ಗಂಡನ ಬಾಯಿಗೆ ಹೋದದ್ದೇ ತಡ, ಬಾಗಿಲು ಹೋಗಿ 'ಎಂಟ್ರೆನ್ಸ್' ಆಗಿಬಿಟ್ಟಿತು. ಪರದೇಶದಲ್ಲಿದ್ದ ಊರವರ ಸಂಘಕ್ಕೆ ಅವನು ಹೊಸ ಉಪಾಧ್ಯಕ್ಷ. ಅಧ್ಯಕ್ಷರ ಮನೆಯ ಎಂಟ್ರೆನ್ಸನ್ನು ಕಣ್ಣು ತುಂಬ ನೋಡಿ ಬಂದಿದ್ದ.

ಅವನು ಆರಿಸಿದ್ದು ತೇಗದ ಜೋಡಿ ಕದ. ಒಂದು ಕದದಲ್ಲಿ ನವಿಲು, ಇನ್ನೊಂದರಲ್ಲಿ ಆನೆ, ಎರಡರಲ್ಲೂ ಬಾಯಲ್ಲಿ ಬಳೆ ಕಚ್ಚಿದ ಹಿತ್ತಾಳೆಯ ಸಿಂಹ. ಇನ್ನು ಬೇಲಿ ಹಾಕಿ ಟಿಕೆಟ್ ಕೊಟ್ಟರಾಯಿತು ಎಂದುಕೊಂಡಳು ಲೋಲಾಕ್ಷಿ.

"ನಡುವೆ ಸಂದಿ ಉಂಟಲ್ಲ ಇದಕ್ಕೆ?"

"ಮರ ಅಂದ್ರೆ ಸ್ವಲ್ಪ ಉಸಿರಾಡ್ಬೇಕು ಮಾರಾಯ್ತಿ."

"ಮರ ಉಸಿರಾಡಿದ್ರೆ ಸಾಕಾ? ಮಗಳು ಬೇಡ್ವಾ?"

ಧರ್ಮಪಾಲನಿಗೆ ಅದು ಕೇಳಿಸಲಿಲ್ಲ. ಸಿಂಹ ಇನ್ನೂ ಸ್ವಲ್ಪ ದೊಡ್ಡದು ಸಿಗುತ್ತದಾ ಎಂದು ಅವನು ಸೇಲ್ಸ್‌ಮನ್ನನ್ನು ಕೇಳುತ್ತಿದ್ದ.

ಬಾಗಿಲು ಕೂರಿಸಿದ ವಾರವೇ, ಶುಕ್ರವಾರ ಸಂಜೆಗೆ ಅಧ್ಯಕ್ಷ ದಂಪತಿಯನ್ನು ಧರ್ಮಪಾಲ ಊಟಕ್ಕೆ ಕರೆದ. ಆ ದಿನ ಮಧ್ಯಾಹ್ನ ದಾಟುತ್ತಲೇ ಆಕಾಶ ಗೋಣಿಚೀಲದ ಬಣ್ಣಕ್ಕೆ ತಿರುಗಿ ಗಾಳಿ ಎದ್ದಿತು. ನವಿಲು ಮತ್ತು ಆನೆಯ ನಡುವಿನ ಸಂದಿಯಿಂದ ಹೊಯ್ಗೆ ಸಣ್ಣಗೆ ಜರಡಿ ಹಿಡಿದಂತೆ ಒಳಗೆ ಉದುರತೊಡಗಿತು. ಲೋಲಾಕ್ಷಿ ಪ್ಯಾಕಿಂಗ್ ಟೇಪ್ ತಂದು ಸಂದಿಗೆ ಅಂಟಿಸಲು ಹೋದರೆ ಧರ್ಮಪಾಲ ಕೈಯಿಂದ ಕಿತ್ತುಕೊಂಡ. "ಪಾಲಿಶ್ ಎದ್ದು ಬರ್ತದೆ! ಅವರು ಬರುವಾಗ ಟೇಪ್ ಹಾಕಿದ ಬಾಗಿಲು ತೋರಿಸುದಾ?" ಬುಡಕ್ಕೆ ಇಟ್ಟ ಟವೆಲನ್ನೂ ಕಾಲಲ್ಲಿ ಆಚೆ ತಳ್ಳಿದ.

"ಮಮ್ಮಿ, ಐ ಕಾಂಟ್ ಬ್ರೀದ್," ಎಂದಳು ಅಶ್ಮಿತಾ. ಪ್ರತಿ ಉಸಿರಿಗೂ ಅವಳ ಹೆಗಲು ಮೇಲೇರುತ್ತಿತ್ತು. ಮನೆಯಲ್ಲಿದ್ದ ಉಬ್ಬಸದ ಪಂಪಿನ ಔಷಧಿ ತಾಗಲಿಲ್ಲ.

"ಕಾರು ತೆಗೀರಿ, ಕ್ಲಿನಿಕ್ಕಿಗೆ ಹೋಗುವ."

"ಈಗಲಾ? ಅವರು ಹೊರಟಾಯ್ತು ಅಂತ ಮೆಸೇಜ್ ಬಂತು. ನೀನು ಟ್ಯಾಕ್ಸಿಯಲ್ಲಿ ಕರ್ಕೊಂಡು ಹೋಗಿ ಬೇಗ ಬಾ." ಅವಳು ಮಗಳ ಮೂಗಿಗೆ ಒದ್ದೆ ವೇಲ್ ಕಟ್ಟಿ ಎತ್ತಿಕೊಳ್ಳುವಾಗ ಮತ್ತೆ ಕೂಗಿದ: "ಅಡುಗೆಮನೆ ಬಾಗಿಲಿಂದ ಹೋಗು, ಆಯ್ತಾ? ಇದನ್ನು ತೆರೆದ್ರೆ ಸೋಫಾಕ್ಕೆಲ್ಲ ಧೂಳು!"

ಲೋಲಾಕ್ಷಿ ನೆಟ್ಟಗೆ ಮುಂಬಾಗಿಲಿಗೇ ನಡೆದು, ಜೋಡಿ ಕದವನ್ನು ಗೋಡೆಗೆ ತಾಗುವಷ್ಟು ಅಗಲಕ್ಕೆ ತೆರೆದು, ಮುಚ್ಚದೆ ಹೊರಟುಹೋದಳು.

ಫೋನ್ ಬಂದಾಗ ಅವಳು ಕ್ಲಿನಿಕ್ಕಿನ ಮಂಚದ ಅಂಚಿನಲ್ಲಿ ಕೂತಿದ್ದಳು. ಔಷಧಿಯ ಹಬೆ ಕೊಡುವ ನೆಬ್ಯುಲೈಜರ್ ಒಂದು ಸುತ್ತು ಮುಗಿದಿತ್ತು. ಸಾಲದು, ಇನ್ನೊಂದು ಕೊಡಬೇಕು ಎಂದು ನರ್ಸ್ ಒಳಗೆ ಹೋಗಿದ್ದಳು.

"ನಿನ್ನದೊಂದು ಕೆಲಸ!" ಧರ್ಮಪಾಲನ ಸ್ವರ ಅಳು ಬಂದ ಹಾಗಿತ್ತು. "ಬುಡಕ್ಕೆ ಹೊಯ್ಗೆ ತುಂಬಿ ಕದ ಮುಚ್ಲಿಕ್ಕೇ ಆಗ್ಲಿಲ್ಲ. ಅವರ ಹೆಂಡತಿಯ ಸೀರೆ ಖಲಾಸ್. ಕೋಳಿ ಸುಕ್ಕ ಬಾಯಿಗಿಟ್ರೆ ಕಚಕಚ. ಅರ್ಧ ಊಟಕ್ಕೇ ಎದ್ದು ಹೋದ್ರು. ಬಾಗಿಲಿನ ಬಗ್ಗೆ ಒಂದು ಮಾತು, ಒಂದೇ ಒಂದು ಮಾತು ಹೇಳ್ಲಿಲ್ಲ ಲೋಲಾ ಅವರು!"

ಲೋಲಾಕ್ಷಿ ಕಾದಳು. ಈಗ ಕೇಳುತ್ತಾನೆ, ಇನ್ನು ಕೇಳುತ್ತಾನೆ ಎಂದು ಕಾದಳು. ಅವನು ಪಾಲಿಶ್ ಮಾಡುವವನನ್ನು ನಾಳೆಯೇ ಕರೆಸಬೇಕು ಎಂದ. ಅವಳು ಫೋನನ್ನು ಮಗಳ ತೆರೆದ ಬಾಯಿಯ ಹತ್ತಿರ ಹಿಡಿದಳು.

"ಹಲೋ? ಹಲೋ? ಎಂತದು ಸುಂಯ್ ಸುಂಯ್ ಅಂತ ಗಾಳಿ?" ಆ ಕಡೆಯಿಂದ ಧರ್ಮಪಾಲ ಕೇಳಿದ. "ಅಲ್ಲಿಯೂ ಬಾಗಿಲು ಸರಿ ಮುಚ್ಚುದಿಲ್ವಾ?"